ಒಪ್ಪಿಸುವ ಹೊತ್ತು

"ಕುಡಿಯಲೇ ಬೇವರ್ಸಿ. ಉಗುದೋನು ನೀನೇ ಅಲ್ವಾ, ಕುಡಿಯೋನೂ ನೀನೇ ಆಗು."

ಹೊಲದ ಒಡೆಯ ರಾಮಲಿಂಗಯ್ಯ ಹಿತ್ತಾಳೆ ಚೊಂಬನ್ನು ಪ್ರಕಾಶನ ಬಾಯಿಯ ಹತ್ತಿರಕ್ಕೆ ತಂದಿದ್ದ. ತಾಗಿಸಿರಲಿಲ್ಲ. ತಾಗಿದರೆ ಚೊಂಬು ಮತ್ತೆ ಮನೆಯೊಳಕ್ಕೆ ಹೋಗುವಂತಿರಲಿಲ್ಲ. ಅಷ್ಟು ಸಿಟ್ಟಿನಲ್ಲೂ ಅವನ ಕೈ ಆ ಬೆರಳಗಲದ ಅಂತರವನ್ನು ಮರೆತಿಲ್ಲ ಎಂಬುದನ್ನು ರಾಧಾಮಣಿ ಗಮನಿಸಿದಳು. ಅವಳ ತಲೆಯ ಮೇಲೆ ಸಂಜೆಯ ಮೇವಿಗೆ ತಂದ ಹಿಪ್ಪುನೇರಳೆ ಕಡ್ಡಿಯ ಹೊರೆ ಇತ್ತು. ಇಳಿಸು ಎಂದು ಯಾರೂ ಹೇಳಿರಲಿಲ್ಲ.

"ಬೊಗಸೆ ಹಿಡಿಲಾ."

ಪ್ರಕಾಶ ಬೊಗಸೆ ಹಿಡಿದ. ಮೇಲಿನಿಂದ ನೀರು ಬಿತ್ತು. ಒಂದಿಷ್ಟು ಬಾಯಿಗೆ ಹೋಯಿತು, ಉಳಿದದ್ದು ಅಂಗಿಯ ಮೇಲೆ ಇಳಿಯಿತು. ರೇಷ್ಮೆ ಹುಳುಮನೆಯ ಮುಂದಿನ ನೀಲಿ ಡ್ರಮ್ಮಿನ ನೀರು ಅದು. ಬೋರ್‌ವೆಲ್ಲಿನಿಂದ ಅದನ್ನು ತುಂಬಿಸುವುದು ಪ್ರಕಾಶನ ಕೆಲಸ. ಹೊಲದಿಂದ ಬಂದು ಅದರಲ್ಲಿ ಮುಖ ತೊಳೆದು ಬಾಯಿ ಮುಕ್ಕಳಿಸುವುದು ರಾಮಲಿಂಗಯ್ಯನ ಅಭ್ಯಾಸ.

"ಸೋಮವಾರ ಉಗುದಂತೆ. ಆಮ್ಯಾಕೆ ಪಶ್ಚಾತ್ತಾಪ ಬೇರೆ ಪಟ್ಟಂತೆ. ಏನ್ ನಾಟ್ಕ ಕಲ್ತವ್ರೆ ನೋಡು ನನ್ಮಕ್ಳು. ಇನ್ನೊಂದು ಬೊಗಸೆ ಹಿಡಿ."

ಪ್ರಕಾಶ ಇನ್ನೊಂದು ಬೊಗಸೆ ಕುಡಿದ. ಕುಡಿಯುವಾಗ ಅವನ ಕಣ್ಣು ರಾಮಲಿಂಗಯ್ಯನ ಮೇಲಿರಲಿಲ್ಲ. ಹೊರೆ ಹೊತ್ತು ನಿಂತಿದ್ದ ತನ್ನವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದ. ರಾಧಾಮಣಿಯೂ ನೋಡಿದಳು. ಸೋಮವಾರ ಉಗಿದದ್ದನ್ನು ಯಾರಾದರೂ ಮರೆಯಿಂದ ಕಂಡಿರಬಹುದಿತ್ತು. ಆದರೆ ಪಶ್ಚಾತ್ತಾಪ ಎಂಬ ಮಾತು ರಾಮಲಿಂಗಯ್ಯನದಲ್ಲ. ಅದು ನಿನ್ನೆ ಸಂಜೆ ಚಿಕ್ಕಹನುಮಯ್ಯನ ಮನೆಯ ಹೊಸ್ತಿಲೊಳಗೆ ಪ್ರಕಾಶ ಆಡಿದ ಮಾತು. ಅಲ್ಲಿ ಐದು ಜನ ಇದ್ದರು. ಐದೂ ಜನ ಈಗ ಇಲ್ಲೇ ನಿಂತಿದ್ದರು.

*

ದೊಡ್ಡಆಲಹಳ್ಳಿಯಿಂದ ಆಚೆ, ಹಳ್ಳದ ಪಕ್ಕದಲ್ಲಿದೆ ಅವರ ಕಾಲೋನಿ. ಒಂದು ಕಾಲದಲ್ಲಿ ಕನಕಪುರದಿಂದ ಬಸ್ಸಿನಲ್ಲಿ ಚರ್ಚಿನ ಒಬ್ಬ ಸಿಸ್ಟರ್ ಅಲ್ಲಿಗೆ ಬರುತ್ತಿದ್ದರು. ಚಿಕ್ಕಹನುಮಯ್ಯ, ಅವನ ಹೆಂಡತಿ ದೊಡ್ಡಲಕ್ಷ್ಮಮ್ಮ ಇಬ್ಬರೂ ಆಗಲೇ ದೀಕ್ಷಾಸ್ನಾನ ಪಡೆದವರು. ಹೆಸರು ಬದಲಿಸಿಕೊಳ್ಳಲಿಲ್ಲ. ಅಪ್ಪ ಇಟ್ಟ ಹೆಸರು ದೇವರಿಗೆ ಗೊತ್ತಾಗದೆ ಇರುತ್ತದೆಯೇ ಎಂದು ಮುದುಕ ಕೇಳಿದ್ದನಂತೆ, ಸಿಸ್ಟರ್ ನಕ್ಕು ಸುಮ್ಮನಾಗಿದ್ದರಂತೆ.

ಸಿಸ್ಟರ್ ಕಲಿಸಿಹೋದದ್ದು ಒಂದೇ ಒಂದು ಪಾಠ. ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿಗೆ ಸುವಾರ್ತೆಯ ಒಂದು ಸಣ್ಣ ಭಾಗ ಓದಬೇಕು. ಯಾರೂ ಅದಕ್ಕೆ ಅರ್ಥ ಹೇಳಬಾರದು. ಕೇಳಿದವರು ಅದರಲ್ಲಿ ತಮಗೆ ಚುಚ್ಚಿದ ಒಂದು ಮಾತನ್ನು ಮಾತ್ರ ಎತ್ತಿಕೊಳ್ಳಬೇಕು. ಕೆಲಸಕ್ಕೆ ಹೋಗುವಾಗ ಅದನ್ನು ಬುತ್ತಿಯಂತೆ ಒಯ್ಯಬೇಕು. ಸಂಜೆ ಕೈಕಾಲು ತೊಳೆದು ಮತ್ತೆ ಕೂತು, ಆ ಮಾತು ತಮ್ಮ ಕೈಯಲ್ಲಿ ಏನಾಯಿತು ಎಂದು ಹೇಳಬೇಕು. ಅದಕ್ಕೆ ಅವರು ಒಪ್ಪಿಸುವುದು ಎನ್ನುತ್ತಿದ್ದರು. ಒಬ್ಬರು ಒಪ್ಪಿಸುವಾಗ ಇನ್ನೊಬ್ಬರು ಬೈಯುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಸರದಿ ಬಂದವರು ಬಾಯಿ ಬಿಡುವ ತನಕ ಉಳಿದವರು ಕಾಯಬೇಕು. ಕೇಳಿದ್ದು ಹೊಸ್ತಿಲು ದಾಟಬಾರದು.

ಸಿಸ್ಟರಿಗೆ ದೂರದ ಬಿಹಾರದ ಕಡೆ ವರ್ಗವಾಯಿತು. ಅವರ ಬದಲಿಗೆ ಯಾರೂ ಬರಲಿಲ್ಲ. ಪಾಠ ಉಳಿಯಿತು. ಓದುವುದು ರಾಧಾಮಣಿ. ಅವಳು ಎಸ್ಸೆಸ್ಸೆಲ್ಸಿ ಮುಗಿಸಿದವಳು. ನೀರು ದ್ರಾಕ್ಷಾರಸವಾದ ಕಾನಾ ಊರಿನ ಮದುವೆಯ ಭಾಗ ಓದಿದ ದಿನ, ಐವರಲ್ಲಿ ಕುಡುಕನಾದ ಬೋರಲಿಂಗಯ್ಯ ತನಗೆ ಚುಚ್ಚಿದ ಮಾತು ದ್ರಾಕ್ಷಾರಸ ಎಂದು ಹೇಳಿ, ಸಂಜೆ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬಂದು, ನಿಯಮ ಮುರಿದ ದೊಡ್ಡಲಕ್ಷ್ಮಮ್ಮನಿಂದ ಬೈಸಿಕೊಂಡಿದ್ದ.

ರಾಧಾಮಣಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ವೈರಿಯನ್ನು ಪ್ರೀತಿಸು ಎಂಬ ಭಾಗವನ್ನು ಓದುವಾಗಲೆಲ್ಲ ಇದನ್ನು ಬರೆಸಿದವರು ಯಾರು, ವೈರಿಯೇ ಇರಬಹುದೇ ಎಂದು ಅವಳಿಗೆ ಅನುಮಾನ ಬರುತ್ತಿತ್ತು. ಅವಳು ಅವರ ಜೊತೆ ಕೂರಲು ಶುರುಮಾಡಿದ್ದು ಗಂಡ ನರೇಂದ್ರ ಹೋದ ಮೇಲೆ. ಕಲ್ಲು ಕ್ವಾರಿಯಲ್ಲಿ ಬಂಡೆ ಜಾರಿ ಸತ್ತ ಅವನ ಹೆಣವನ್ನು ತಂದ ದಿನ ಗುಂಡಿ ತೋಡಿದವರು ಈ ನಾಲ್ವರೇ. ಚಿಕ್ಕಹನುಮಯ್ಯ ನರೇಂದ್ರನ ಸೋದರಮಾವ. ಜಾಲಿ ಮರ ಕೆತ್ತಿ, ನೆಟ್ಟಗಿನ ಕಂಬದಲ್ಲಿ ಕಚ್ಚು ತೆಗೆದು, ಅಡ್ಡಪಟ್ಟಿ ಕೂಡಿಸಿ ಶಿಲುಬೆ ಮಾಡಿ ನೆಟ್ಟವನು ಅವನೇ.

ಆ ಗುಂಡಿ ಇದ್ದದ್ದು ಹಳ್ಳದ ದಂಡೆಯಲ್ಲಿ. ಕಾಲೋನಿಯವರು ತಾತ ಮುತ್ತಾತರ ಕಾಲದಿಂದ ಹೂಳುತ್ತಿದ್ದ ಜಾಗ. ಕಳೆದ ವರ್ಷ ರಾಮಲಿಂಗಯ್ಯ ಅದು ತನ್ನ ಸರ್ವೆ ನಂಬರಿಗೆ ಸೇರಿದ್ದೆಂದು ಹೇಳಿ, ಟ್ರ್ಯಾಕ್ಟರ್ ಹೊಡೆಸಿ, ತಂತಿಬೇಲಿ ಹಾಕಿಸಿ ಹಿಪ್ಪುನೇರಳೆ ನೆಟ್ಟ. ಕೇಳಲು ಹೋದವರಿಗೆ ದಾಖಲೆ ತನ್ನಿ ಎಂದ. ಸತ್ತವರು ಯಾರೂ ದಾಖಲೆ ಮಾಡಿಸಿಕೊಂಡು ಮಲಗಿರಲಿಲ್ಲ.

ಸೊಪ್ಪು ಚೆನ್ನಾಗಿ ಬಂತು. ಅಂಗೈಗಿಂತ ಅಗಲದ, ಕಪ್ಪು ಹಸಿರಿನ ಎಲೆ. ದಿನಾ ಬೆಳಿಗ್ಗೆ ಅದನ್ನು ಕುಯ್ಯುವುದು ರಾಧಾಮಣಿಯ ಕೆಲಸ. ಒಂದು ದಿನ ಸಾಲಿನ ಕೊನೆಯಲ್ಲಿ ಡ್ರಿಪ್ ಪೈಪನ್ನು ಎಳೆದು ಕಟ್ಟಿದ್ದ ಗೂಟವನ್ನು ಅವಳು ಬಗ್ಗಿ ನೋಡಿದಳು. ಜಾಲಿಯ ಗೂಟ. ತಲೆಯಿಂದ ಒಂದು ಗೇಣು ಕೆಳಗೆ ಅಡ್ಡಪಟ್ಟಿ ಕೂರಲು ತೆಗೆದ ಕಚ್ಚು ಹಾಗೇ ಇತ್ತು. ಪಟ್ಟಿ ಇರಲಿಲ್ಲ. ಅವಳು ಕಚ್ಚಿಗೆ ಬೆರಳಿಟ್ಟು ನೋಡಿ, ಆಮೇಲೆ ಆ ಸಾಲಿನ ಸೊಪ್ಪನ್ನೂ ಕುಯ್ದು ಹೊರೆ ಕಟ್ಟಿದಳು. ಹುಳು ಆ ಸೊಪ್ಪನ್ನು ತಿಂದವು. ಎಲೆಯೊಳಗೆ ಇರುವುದು ಮಣ್ಣಿನಿಂದ ಬಂದದ್ದೇ ಎಂದು ಅವಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಮಣ್ಣಿನಲ್ಲಿ ಯಾರಿದ್ದಾರೆ ಎಂದು ಅವಳಿಗೆ ಗೊತ್ತಿತ್ತು.

*

ಪ್ರಕಾಶ ನೀರು ಕುಡಿದ ದಿನದ ಸಂಜೆ ಐವರೂ ಬಂದು ಕೂತರು. ಯಾರೂ ಒಪ್ಪಿಸಲಿಲ್ಲ. ದೊಡ್ಡಲಕ್ಷ್ಮಮ್ಮ ಚಿಮಣಿ ಬುಡ್ಡಿಯ ಬತ್ತಿಯನ್ನು ಸುಮ್ಮನೆ ಏರಿಸಿ ಇಳಿಸಿದಳು. ಕರೆಂಟು ಇದ್ದರೂ ಈ ಹೊತ್ತಿಗೆ ಮಾತ್ರ ಅವಳು ಬುಡ್ಡಿಯನ್ನೇ ಹಚ್ಚುತ್ತಿದ್ದಳು.

ಕೊನೆಗೆ ಪ್ರಕಾಶನೇ ಬೋರಲಿಂಗಯ್ಯನ ಕಡೆ ತಿರುಗಿದ. ಮೊನ್ನೆ ರಾಮಲಿಂಗಯ್ಯನ ಟ್ರ್ಯಾಕ್ಟರ್ ಶೆಡ್ಡಿನ ಹಿಂದೆ ಅವನು ಕುಡಿಯುತ್ತಾ ಕೂತಿದ್ದನ್ನು ತಾನು ಕಂಡೆ, ಬಾಟಲಿ ಯಾರು ಕೊಟ್ಟರು ಎಂದು ಕೇಳಿದ. ಬೋರಲಿಂಗಯ್ಯ ತಾನೇ ಕೊಂಡದ್ದು ಎಂದ. ಯಾವ ಕಾಸಿನಲ್ಲಿ ಎಂದು ಪ್ರಕಾಶ ಕೇಳಿದ. ರಾಧಾಮಣಿ ನಡುವೆ ಬಾಯಿ ಹಾಕಲಿಲ್ಲ. ಹಾಕದೆ ಇದ್ದದ್ದೂ ಒಂದು ಮಾತೇ ಎಂದು ಬೋರಲಿಂಗಯ್ಯನಿಗೆ ತಿಳಿಯಿತು. ಅವನು ಟವೆಲ್ ಕೊಡವಿ ಎದ್ದ.

"ಕುಡಿಯೋನು ತಲೆ ಮ್ಯಾಕೆ ಹಾಕೋದು ಸಲೀಸು ಕಣ್ರಪ್ಪ. ನಿಮ್ಮೇಸು ಜೊತೆ ಕೂತಿದ್ದ ಹನ್ನೆಲ್ಡು ಜನ್ದಾಗೂ ಹಿಡ್ಕೊಟ್ಟೋನು ಒಬ್ಬ ಇದ್ದ, ಅವನೇನು ಕುಡುಕ ಅಂತ ಬರ್ದಿದ್ದಾರಾ? ಓದ್ಕಳಿ ಸರ್ಯಾಗಿ."

ಅವನು ಹೋದ ಮೇಲೆ ಚಿಕ್ಕಹನುಮಯ್ಯ ಕಣ್ಣು ಮುಚ್ಚಿ ಅವನಿಗಾಗಿ ಬೇಡಿಕೊಂಡ. ಪಾಪ, ಅವನು ಕೆಟ್ಟವನಲ್ಲ, ದಾರಿ ತಪ್ಪಿದವನು ಎಂದ. ಆ ಮಾತಿನಿಂದ ಎಲ್ಲರಿಗೂ ಒಂದಿಷ್ಟು ನೆಮ್ಮದಿಯಾಯಿತು. ಹಾಗೆ ನೆಮ್ಮದಿಯಾದದ್ದೇ ರಾಧಾಮಣಿಯ ಅನುಮಾನವನ್ನು ಮತ್ತೆ ಕೆದಕಿತು. ಬೋರಲಿಂಗಯ್ಯ ಹೇಳಿದ್ದರೆ ಉಗಿದದ್ದನ್ನಷ್ಟೇ ಹೇಳುತ್ತಿದ್ದ. ಪಶ್ಚಾತ್ತಾಪದ ಸುದ್ದಿ ಅವನಿಗೇಕೆ?

ಎರಡು ದಿನ ಬಿಟ್ಟು ಅವಳು ಒಂದು ಕೆಲಸ ಮಾಡಿದಳು. ಆ ಬೆಳಿಗ್ಗೆ ಓದಿದ್ದು ಹೌದಾದರೆ ಹೌದು ಎನ್ನಬೇಕು, ಇಲ್ಲವಾದರೆ ಇಲ್ಲ ಎನ್ನಬೇಕು ಎಂಬ ಭಾಗ. ಅದೇ ಸಂಜೆ ಅವಳು ಕೂತು ಸುಳ್ಳು ಒಪ್ಪಿಸಿದಳು. ಬಾಗಿಲ ಬಳಿಯ ಬ್ಲೀಚಿಂಗ್ ನೀರಿಗೆ ಕಾಲು ಅದ್ದದೆ ಹುಳುಮನೆಯೊಳಕ್ಕೆ ಹೋದೆ, ರೋಗ ತಗುಲಿ ಎಲ್ಲ ಸಾಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ ಎಂದಳು. ಬೋರಲಿಂಗಯ್ಯ ಅಲ್ಲಿರಲಿಲ್ಲ. ದೊಡ್ಡಲಕ್ಷ್ಮಮ್ಮ ಅವಳ ಬೆನ್ನು ಸವರಿದಳು. ಪ್ರಕಾಶ ತಲೆ ತಗ್ಗಿಸಿದ. ಚಿಕ್ಕಹನುಮಯ್ಯನ ಕಣ್ಣಲ್ಲಿ ನೀರು ಬಂತು.

ಮಾರನೆಯ ದಿನ ಊಟದ ಹೊತ್ತು ಕಳೆದ ಮೇಲೆ ರಾಮಲಿಂಗಯ್ಯ ಅವಳನ್ನು ಹುಳುಮನೆಯ ಬಾಗಿಲಿಗೆ ಕರೆಸಿದ. ಬ್ಲೀಚಿಂಗ್ ತೊಟ್ಟಿಗೆ ಇನ್ನೊಂದು ಹಿಡಿ ಪುಡಿ ಸುರಿಸಿ, ಅದರಲ್ಲಿ ನಿಲ್ಲು ಎಂದ. ಹಿಮ್ಮಡಿಯ ಬಿರುಕುಗಳಲ್ಲಿ ಮೊದಲು ತಣ್ಣಗೆ, ಆಮೇಲೆ ಸೂಜಿ ಸೂಜಿಯಾಗಿ ಉರಿ ಹತ್ತಿತು.

"ಏನಮ್ಮೀ, ಹುಳ ಸಾಯ್ಲಿ ಅಂತ ಬೇಡ್ಕಂಡ್ಯಂತೆ. ಯಾರ್ನ ಬೇಡ್ಕಂಡೆ, ನಿನ್ ಏಸುನ್ನೋ, ನಿನ್ ಗಂಡನ ದೆವ್ವನ್ನೋ? ನನ್ ಅನ್ನ ತಿಂದು ನನ್ ಹುಳಕ್ಕೆ ಸಾಪ ಹಾಕ್ತೀಯಾ? ಇದೇನೋ ಪ್ರಾರ್ಥನೆಯಂತೆ. ಒಂದು ಅರ್ಜಿ ಬರ್ದು ಕೊಟ್ರೆ ಮತಾಂತರ ಅಂತ ಎಲ್ಲರ್ನೂ ಜೀಪಿಗೆ ಹತ್ತಿಸ್ಕಂಡು ಹೋಯ್ತಾರೆ, ಗೊತ್ತಾ?"

ಕಾಲು ಉರಿಯುತ್ತಿದ್ದರೂ ಅವಳ ತಲೆ ತಣ್ಣಗೆ ಲೆಕ್ಕ ಹಾಕುತ್ತಿತ್ತು. ಬೋರಲಿಂಗಯ್ಯ ಅಲ್ಲ. ಹಾಗಾದರೆ ಪ್ರಕಾಶನೇ? ಅವನಿಗೆ ಟ್ರ್ಯಾಕ್ಟರ್ ಓಡಿಸುವ ಕೆಲಸದ ಆಸೆ ಇದೆ. ಆ ನೀರು ಕುಡಿದದ್ದೂ ಒಂದು ಆಟವಾಗಿದ್ದರೆ? ಅತ್ತೆ ದೊಡ್ಡಲಕ್ಷ್ಮಮ್ಮನೇ? ಹಬ್ಬಕ್ಕೆ ಒಡತಿ ಕೊಟ್ಟ ಸೀರೆಯನ್ನು ಅವಳು ಇನ್ನೂ ಉಟ್ಟಿಲ್ಲ. ಯಾಕೆ ಉಟ್ಟಿಲ್ಲ? ಹಿಂದೆ ಕಣ್ಣಿಗೆ ಬೀಳದಿದ್ದ ಸಣ್ಣಪುಟ್ಟದಕ್ಕೆಲ್ಲ ಈಗ ಒಂದೊಂದು ಕಾರಣ ಹುಟ್ಟಿಕೊಳ್ಳುತ್ತಿತ್ತು. ಅಂದು ಸಂಜೆ ಅತ್ತೆ ಅವಳ ಪಾದಕ್ಕೆ ಹರಳೆಣ್ಣೆ ಸವರುವಾಗ, ಈ ಬೆರಳುಗಳು ನಿಜಕ್ಕೂ ಮರುಗುತ್ತಿವೆಯೇ ಎಂದು ಅವಳು ಬೆರಳನ್ನೇ ನೋಡುತ್ತಿದ್ದಳು.

*

ಹುಳು ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಕಳಚಲು ಮೇವು ಬಿಟ್ಟು ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಎದ್ದ ಹುಳುವಿನ ಹಸಿವಿಗೆ ಮಿತಿ ಇಲ್ಲ. ಹೊತ್ತು ಹೊತ್ತಿಗೆ ಕಡ್ಡಿ ಹಾಸಬೇಕು. ರಾಧಾಮಣಿ ಒಳಗೆ ತಟ್ಟೆಗಳ ನಡುವೆ ಕಡ್ಡಿ ಹಾಸುತ್ತಿದ್ದಳು. ಸಾವಿರಾರು ಬಾಯಿ ಎಲೆ ಕತ್ತರಿಸುವ ಸದ್ದು, ಯಾರೋ ನಿಲ್ಲಿಸದೆ ಕಾಗದ ಹರಿಯುತ್ತಿರುವಂತೆ ಕೇಳುತ್ತಿತ್ತು. ಹುಳುವಿನ ಮೇಲೆ ಮೊಟ್ಟೆ ಇಡುವ ಊಜಿ ನೊಣ ಬಾರದಿರಲೆಂದು ಕಿಟಕಿಗೆ ನೈಲಾನ್ ಬಲೆ ಬಿಗಿದಿತ್ತು. ಬಲೆಯ ಆಚೆ ಹೊಂಗೆ ಮರ. ಮರದ ಕೆಳಗೆ ಊಟ ಮುಗಿಸಿದ ರಾಮಲಿಂಗಯ್ಯ ಮಂಚದ ಮೇಲೆ ಒರಗಿದ್ದ. ಒಂದಿಷ್ಟು ದೂರದಲ್ಲಿ ನೆಲಕ್ಕೆ ಕೂತು ಚಿಕ್ಕಹನುಮಯ್ಯ ಚಂದ್ರಿಕೆಯ ಮುರಿದ ಬಿದಿರ ಪಟ್ಟಿಯನ್ನು ಹೆಣೆಯುತ್ತಿದ್ದ. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಆ ಸುರುಳಿ ಚಾಪೆಗಳನ್ನು ಸರಿಮಾಡುವುದು ಅವನ ಪಾಲಿನ ಕೆಲಸ.

"ಇವತ್ತಿಂದು ಏನ್ಲಾ ಹನುಮ?"

"ಕಳೆದೋದ ಕುರಿದು ಬುದ್ದಿ. ಮಂದೆಯೆಲ್ಲ ಬುಟ್ಟು, ತಪ್ಪಿಸ್ಕಂಡ ಒಂದನ್ನ ಹುಡುಕ್ಕಂಡು ಹೋಯ್ತಾನೆ."

"ಅಷ್ಟೊತ್ತಿಗೆ ಉಳಿದವು ಯಾರ ಹೊಲ ಮೇಯ್ದಿರ್ತವೆ, ಅದು ಬರ್ದಿಲ್ವಾ?"

ಇಬ್ಬರೂ ನಕ್ಕರು. ಮುದುಕನ ನಗೆಯಲ್ಲಿ ಮಗುವಿನ ಮಾತಿಗೆ ನಗುವ ತಾತನ ಮೆಚ್ಚುಗೆ ಇತ್ತು. ಆಮೇಲೆ ರಾಮಲಿಂಗಯ್ಯ ನಿನ್ನೆ ಸಂಜೆಯ ಸುದ್ದಿ ಕೇಳಿದ. ಕಣ್ಣು ಮುಚ್ಚಿಕೊಂಡೇ ಕೇಳಿದ. ಚಿಕ್ಕಹನುಮಯ್ಯ ಪಟ್ಟಿಯನ್ನು ತೊಡೆಯ ಮೇಲಿಟ್ಟು ಹೇಳತೊಡಗಿದ. ನಿನ್ನೆ ದೊಡ್ಡಲಕ್ಷ್ಮಮ್ಮ ಅತ್ತಳು ಎಂದ. ಹಿಂದೊಮ್ಮೆ, ತಮ್ಮ ಎಳೆಗೂಸು ಜ್ವರದಲ್ಲಿದ್ದಾಗ ಒಂದು ಲೋಟ ಹಾಲು ಕೇಳಿದ್ದಕ್ಕೆ ರಾಮಲಿಂಗಯ್ಯನ ತಾಯಿ ಹಾಲನ್ನು ನಾಯಿಯ ಮುಂದೆ ಸುರಿದಿದ್ದಳು. ಕೂಸು ಉಳಿಯಲಿಲ್ಲ. ಆ ತಾಯಿಯನ್ನು ಇವತ್ತಿಗೂ ಕ್ಷಮಿಸಲು ಆಗುತ್ತಿಲ್ಲ ಎಂದು ಅವಳು ಒಪ್ಪಿಸಿದ್ದನ್ನು, ಒಂದು ಅಕ್ಷರವೂ ಬಿಡದೆ, ಒಂದು ಅಕ್ಷರವೂ ಸೇರಿಸದೆ ಮುದುಕ ಹೇಳಿದ.

"ಕ್ಷಮಿಸ್ಬೇಕು ಅಂತ ಒದ್ದಾಡ್ತಾವ್ಳೆ ಬುದ್ದಿ. ಅದೇ ನೋಡಿ ಆ ಮಾತಿನ ಸಕ್ತಿ. ಉಗುದ ಹುಡುಗ ತಾನೇ ಬಂದು ತಪ್ಪು ಅಂದ. ಸಾಪ ಹಾಕಿದ ಹೆಣ್ಣು ತಾನೇ ಬಾಯ್ಬುಟ್ಲು. ಯಾರು ಹೊಡುದ್ರು, ಯಾರು ಬಡುದ್ರು? ನೀವೂ ಒಂದಿನ ಬಂದು ಕೂರಿ ಬುದ್ದಿ. ಒಳಕ್ಕೆ ಬ್ಯಾಡ, ನಿಮಗೆ ಹೊರಗೇ ಮಣೆ ಹಾಕಿಸ್ತೀನಿ."

ರಾಮಲಿಂಗಯ್ಯ ಹೂಂಗುಟ್ಟಿದ.

ರಾಧಾಮಣಿಯ ಕೈಯಲ್ಲಿದ್ದ ಕಡ್ಡಿಯ ಮೇಲೆ ಒಂದು ಹುಳು ಏರಿ ಅವಳ ಹೆಬ್ಬೆರಳಿನ ತನಕ ಬಂದಿತ್ತು. ಅವಳು ಅಲುಗಾಡಲಿಲ್ಲ. ಮುದುಕ ಮಾರುತ್ತಿರಲಿಲ್ಲ. ಮಾರುತ್ತಿದ್ದರೆ ಹೊರಗೆ ಹೋಗಿ ಮುಖಕ್ಕೆ ಉಗಿಯಬಹುದಿತ್ತು. ಅವನು ಬಿತ್ತುತ್ತಿದ್ದ. ತನ್ನವರ ನೋವನ್ನೆಲ್ಲ ಬೀಜ ಮಾಡಿಕೊಂಡು, ದಿನಾ ಮಧ್ಯಾಹ್ನ ಈ ಮನುಷ್ಯನ ಎದೆ ಎಂಬ ಬಂಡೆಯ ಮೇಲೆ ಚೆಲ್ಲಿ, ಮೊಳಕೆಗೆ ಕಾಯುತ್ತಿದ್ದ.

*

ಅಂದು ಸಂಜೆ ಅವಳು ಮೊದಲು ಹೋದದ್ದು ಬೋರಲಿಂಗಯ್ಯನ ಮನೆಗೆ. ತಪ್ಪಾಯಿತು ಅಣ್ಣಾ, ಬಾ ಎಂದಳು. ಅವನು ಬೀಡಿಯ ಬೂದಿ ಕೊಡವಿ, ಯಾರು ಎಂದು ಕೇಳಿದ. ಅವಳು ಹೇಳಲಿಲ್ಲ. ಅವನು ಮತ್ತೆ ಕೇಳಲೂ ಇಲ್ಲ, ಅಂಗಿ ಹಾಕಿಕೊಂಡು ಹಿಂದೆ ಬಂದ. ಪ್ರಕಾಶ ಅವನನ್ನು ನೋಡಿ ಸರಿದು ಜಾಗ ಕೊಟ್ಟ.

ರಾಧಾಮಣಿಯ ಸರದಿ ಬಂತು.

"ಇವತ್ತು ನಾನು ಎತ್ಕಂಡ ಮಾತು ಹುಡುಕೋದು. ಹುಡುಕ್ದೆ, ಸಿಕ್ತು. ಮೊನ್ನೆ ಇಲ್ಲಿ ನಾನು ಒಪ್ಪಿಸಿದ್ದು ಸುಳ್ಳು. ನಾನು ಹುಳಕ್ಕೆ ಸಾಪ ಹಾಕಿರ್ನಿಲ್ಲ. ಯಾರ ಬಾಯಿಂದ ದಾಟಿ ಹೋಯ್ತದೆ ನೋಡಾನ ಅಂತ ಸುಳ್ಳು ಹೇಳ್ದೆ. ಈಗ ನಿಜ ಹೇಳ್ತೀನಿ. ಹುಳ ಹಣ್ಣಾಗೋ ದಿನ ನಾನು ಕೆಲಸಕ್ಕೆ ಹೋಗಾಕಿಲ್ಲ. ಹಳ್ಳದ ದಂಡೆ ಬೇಲಿ ಬಿಚ್ಚಬೇಕು. ನರೇಂದ್ರನ ಗುಂಡಿ ಮ್ಯಾಲಿಂದ ಕಿತ್ಕಂಡಿದ್ದ ಸಿಲುಬೇನ ಅಲ್ಲೇ ನೆಡಬೇಕು. ಅಲ್ಲಿಗಂಟ ನಾನು ಒಂದು ಹುಳಾನೂ ಎತ್ತಾಕಿಲ್ಲ." ಅವಳು ಚಿಕ್ಕಹನುಮಯ್ಯನ ಕಡೆ ತಿರುಗಿದಳು. "ಮಾವ, ನಾಳೆ ಮಧ್ಯಾಹ್ನ ಇದನ್ನೂ ಹೇಳು. ಒಂದಕ್ಷರ ಬುಡಬ್ಯಾಡ."

ಬುಡ್ಡಿಯ ಬತ್ತಿ ಏರಿಸುತ್ತಿದ್ದ ದೊಡ್ಡಲಕ್ಷ್ಮಮ್ಮನ ಕೈ ಅಲ್ಲೇ ನಿಂತಿತು. ಪ್ರಕಾಶ ಮುದುಕನನ್ನು ನೋಡಿದ, ರಾಧಾಮಣಿಯನ್ನು ನೋಡಿದ. ಮುದುಕ ಅಂಜಲಿಲ್ಲ. ಬಚ್ಚಿಟ್ಟ ಒಳ್ಳೆಯ ಸುದ್ದಿಯೊಂದು ಹೊತ್ತಿಗೆ ಮುಂಚೆ ಹೊರಬಿದ್ದವನಂತೆ ನಾಚಿದ.

"ಅವ್ರು ಕೇಳ್ತಾವ್ರೆ ಕಣವ್ವಾ. ದಿನಾ ಅವರಾಗೇ ಕೇಳ್ತಾರೆ. ಒಸಿ ಒಸಿ ಮೆತ್ತಗಾಗ್ತಾವ್ರೆ. ಮೊನ್ನೆ ಏಸು ಬೆಟ್ಟದ ಮ್ಯಾಲೆ ಆಡಿದ ಮಾತು ಹೇಳ್ವಾಗ ಕಣ್ಣು ಮುಚ್ಕಂಡಿದ್ರು."

"ನಿದ್ದೆ ಹೊಡೀತಿದ್ದ ಕಣೋ ತಾತ," ಎಂದ ಪ್ರಕಾಶ. "ನಾನು ಆ ನೀರು ಕುಡ್ದೆ. ನೀನು ಅಲ್ಲೇ ನಿಂತಿದ್ದೆ."

"ನಾನೂ ಅತ್ತೆ ಕಣ್ಲಾ ಅವತ್ತು. ಹೊಸ ಭಕ್ತ, ಸಿಟ್ಟು ಇನ್ನೂ ಹೋಗಿಲ್ಲ ಅನ್ಕಂಡೆ."

ಬೋರಲಿಂಗಯ್ಯ ಜೋರಾಗಿ ನಕ್ಕುಬಿಟ್ಟ. ಯಾರೂ ಅವನ ಜೊತೆ ನಗಲಿಲ್ಲ. ದೊಡ್ಡಲಕ್ಷ್ಮಮ್ಮ ಗಂಡನ ಮುಖವನ್ನೇ ನೋಡುತ್ತಾ, ಬಹಳ ಮೆಲ್ಲಗೆ, ನಮ್ಮ ಕೂಸಿನದನ್ನೂ ಹೇಳಿದೆಯಾ ಎಂದು ಕೇಳಿದಳು. ಅವಳು ಬುಡ್ಡಿಯನ್ನು ಆರಿಸಿ ಎದ್ದು ಒಳಗೆ ಹೋದಳು.

*

ಮಾರನೆಯ ದಿನ ಚಿಕ್ಕಹನುಮಯ್ಯ ಹೇಳಿದ. ಒಂದಕ್ಷರ ಬಿಡಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲೇ ಕಾಲೋನಿಗೆ ಮರಳಿದ. ಅವನ ಕೈಯಲ್ಲಿ ಚಂದ್ರಿಕೆಯ ಪಟ್ಟಿ ಹಾಗೇ ಇತ್ತು ಎಂದು ನೋಡಿದವರು ಹೇಳಿದರು. ಎಡಗೆನ್ನೆಯ ಮೇಲೆ ಚಪ್ಪಲಿಯ ಅಟ್ಟೆಯ ಗೆರೆ ಮೂಡಿತ್ತು. ರಾಮಲಿಂಗಯ್ಯ ಚಪ್ಪಲಿಯನ್ನು ದೂರದಿಂದ ಎಸೆದಿದ್ದ. ಅಲ್ಲಿಯೂ ಅವನು ಅಂತರ ಮರೆತಿರಲಿಲ್ಲ.

ಮುದುಕ ಜಗಲಿಯ ಮೇಲೆ ಕೂತು, ನೀರು ತಂದ ರಾಧಾಮಣಿಗೆ ಹೇಳಿದ. ಯಾವ ಸಂಘದವನು ಹೇಳಿಕೊಟ್ಟ, ಯಾವ ಫಾದರ್ ಬಂದಿದ್ದ, ಎಷ್ಟು ಜನ ಸೇರಿದ್ದೀರಿ ಎಂದು ಬುದ್ದಿಯವರು ಕೇಳಿದರು. ಯಾರೂ ಇಲ್ಲ ಎಂದರೆ ನಂಬಲಿಲ್ಲ. ಇಷ್ಟು ದಿನ ಬಾಯಿ ಬಿಡಿಸಿದ್ದು ಇದಕ್ಕೇ ಕಣಲೇ, ನಿನ್ನ ಏಸುವಿನ ಕತೆ ಕೇಳಲಿಕ್ಕಾ ಎಂದರು. ಸೂಳೆಮಗನೆ ಎಂದರು. ಆಮೇಲೆ ಚಪ್ಪಲಿ ಬಂತು.

"ಅವ್ರು ಕೇಳ್ತಿದ್ದದ್ದು ಮಾತನ್ನಲ್ಲ ಕಣವ್ವಾ," ಎಂದ. "ನಮ್ಮನ್ನ."

ರಾಧಾಮಣಿ ಚೊಂಬನ್ನು ಅವನ ಕೈಗೆ ಕೊಟ್ಟಳು. ತಾನು ಅವನನ್ನು ಬಳಸಿಕೊಂಡೆನೇ ಎಂಬ ಅನುಮಾನ ಅವಳಿಗೆ ಬಂತು. ಹೌದಾದರೆ ಹೌದು. ಅವಳು ಬಳಸಿಕೊಂಡಿದ್ದಳು.

*

ಹುಳು ಹಣ್ಣಾದವು. ಎಳೆ ಹುಳು ಸಾಕಿ ಕೊಡುವ ಚಾಕಿ ಕೇಂದ್ರದವರು ಸುತ್ತಲಿನ ಊರುಗಳಿಗೆಲ್ಲ ಒಂದೇ ದಿನ ಮರಿ ಹಂಚಿದ್ದರಿಂದ ಎಲ್ಲರ ಮನೆಯಲ್ಲೂ ಅದೇ ದಿನ ಹಣ್ಣಾದವು. ಬೇರೆ ಊರಿನಿಂದ ಆಳು ತರಿಸೋಣವೆಂದರೆ ಬಿಡುವಾಗಿದ್ದ ಒಂದು ಕೈಯೂ ಇರಲಿಲ್ಲ. ಟೆಂಪೋ ಇಟ್ಟಿದ್ದ ಅತೀಕ್ ಆಳು ಹುಡುಕಲು ಹೋಗಿ ಖಾಲಿ ಗಾಡಿಯಲ್ಲಿ ವಾಪಸ್ ಬಂದ. ಹಣ್ಣಾದ ಹುಳು ಮೇವು ಬಿಡುತ್ತದೆ. ಮೈ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗು ಕಾಣುತ್ತದೆ. ತಲೆ ಎತ್ತಿ ಆಸರೆ ಹುಡುಕುತ್ತದೆ. ಅದೇ ಹೊತ್ತಿಗೆ ಎತ್ತಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸಿಕ್ಕಿದಲ್ಲಿ ನೂಲು ಚೆಲ್ಲಿಕೊಂಡು ಹಾಳಾಗುತ್ತದೆ.

ಬೆಳಿಗ್ಗೆ ಐವರೂ ಕುಡುಗೋಲು ಹಿಡಿದು ಹಳ್ಳದ ದಂಡೆಗೆ ಹೋದರು. ಚಿಕ್ಕಹನುಮಯ್ಯ ಬರುತ್ತಾನೋ ಇಲ್ಲವೋ ಎಂದು ರಾಧಾಮಣಿ ತಿರುಗಿ ತಿರುಗಿ ನೋಡಿದಳು. ಬಂದ. ದೊಡ್ಡಲಕ್ಷ್ಮಮ್ಮ ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಿದ್ದಳು, ಆದರೆ ಅವನ ಹಿಂದೆಯೇ ನಡೆಯುತ್ತಿದ್ದಳು. ದಿನಾ ಸೊಪ್ಪು ಕುಯ್ಯಲು ತೆರೆಯುತ್ತಿದ್ದ ಗೇಟನ್ನೇ ತೆರೆದು ಒಳಗೆ ಹೋಗಿ, ದಿನಾ ಮಾಡುತ್ತಿದ್ದ ಕೆಲಸವನ್ನೇ ಮಾಡಿದರು. ಗಿಡ ಕುಯ್ದರು. ಆದರೆ ಇವತ್ತು ಬುಡಕ್ಕೆ ಕುಯ್ದರು. ಹೊರೆ ಕಟ್ಟಲಿಲ್ಲ. ಗಿಡ ಹೋದ ಮೇಲೆ ನೆಲದ ಉಬ್ಬು ತಗ್ಗುಗಳು ಕಂಡವು. ಟ್ರ್ಯಾಕ್ಟರ್ ಹೊಡೆದರೂ ಪೂರ್ತಿ ಮಟ್ಟವಾಗಿರಲಿಲ್ಲ. ಇದು ನಮ್ಮವ್ವ, ಇದು ನನ್ನ ತಮ್ಮ ಎಂದು ಬೋರಲಿಂಗಯ್ಯ ಕಾಲಿನಿಂದ ತೋರಿಸಲು ಹೋಗಿ, ಕಾಲನ್ನು ಹಿಂದಕ್ಕೆಳೆದು ಕೈಯಿಂದ ತೋರಿಸಿದ.

ರಾಧಾಮಣಿ ಗೂಟವನ್ನು ಅಲ್ಲಾಡಿಸಿ ಕಿತ್ತಳು. ಬಿಗಿದಿದ್ದ ಪೈಪು ಸಡಿಲವಾಗಿ ನೆಲಕ್ಕೆ ಬಿದ್ದು ತನ್ನಷ್ಟಕ್ಕೆ ತೊಟ್ಟಿಕ್ಕತೊಡಗಿತು. ಅವಳು ಗೂಟವನ್ನು ನರೇಂದ್ರನ ತಲೆಯ ಕಡೆ ನೆಟ್ಟು, ಕಲ್ಲಿನಿಂದ ಬಡಿದಳು. ಅಡ್ಡಪಟ್ಟಿ ಇರಲಿಲ್ಲ. ಖಾಲಿ ಕಚ್ಚು ಹಳ್ಳದ ಕಡೆ ಮುಖ ಮಾಡಿ ನಿಂತಿತು.

ಆಮೇಲೆ ಅವರು ಅಲ್ಲೇ ಸುತ್ತ ಕೂತರು. ಸಂಜೆ ಇನ್ನೂ ದೂರವಿತ್ತು.

ರಾಮಲಿಂಗಯ್ಯ ಬದುವಿನ ಮೇಲೆ ಬಂದ. ಬರುತ್ತಲೇ ಅವನ ಕಣ್ಣು ಐವರನ್ನು ದಾಟಿ ಹಿಂದಕ್ಕೆ, ಹೊಂಗೆ ತೋಪಿಗೆ, ರಸ್ತೆಗೆ ಹೋಯಿತು. ಯಾವುದೋ ಜೀಪು, ಯಾರೋ ಪ್ಯಾಂಟಿನವನು ಇರಲೇಬೇಕು ಎಂಬಂತೆ ಹುಡುಕಿತು.

"ಯಾರ್ರೋ ನಿಮ್ ಹಿಂದೆ ಇರೋರು?"

"ನಮ್ ಹಿಂದೆ ಹಳ್ಳ ಐತೆ," ಎಂದ ಬೋರಲಿಂಗಯ್ಯ. "ನೋಡ್ಕಳಿ."

ರಾಮಲಿಂಗಯ್ಯ ಕೂಗಾಡಿದ. ಸ್ಟೇಷನ್ನಿಗೆ ಫೋನ್ ಮಾಡಿದ್ದೇನೆ ಎಂದ. ಬೆಳೆ ನಾಶ, ಮತಾಂತರ, ಎಲ್ಲ ಸೇರಿಸಿ ಬರೆಸುತ್ತೇನೆ ಎಂದ. ಯಾರೂ ಏಳಲಿಲ್ಲ. ಹುಳುಮನೆಯ ಕಡೆಯಿಂದ ಅವನ ಹೆಂಡತಿ ಕರೆಯುವುದು ಕೇಳಿಸಿತು. ಅವನ ದನಿ ಇಳಿಯಿತು.

"ಹನುಮಾ, ನೀನಾದ್ರೂ ಏಳ್ಲಾ. ಹುಳ ತಲೆ ಎತ್ತವೆ. ನಿಂದು ದೇವ್ರಂಥ ಜೀವ. ಅವತ್ತು ಏನೋ ಸಿಟ್ನಾಗೆ ಬಿತ್ತು ಚಪ್ಪಲಿ. ಏಳು. ಇವತ್ತಿನ ಮಾತೇನು, ನಡ್ಕಂಡು ಹೋಯ್ತಾ ಹೇಳು ಬಾ."

ಚಿಕ್ಕಹನುಮಯ್ಯ ಕೂತಲ್ಲಿಂದಲೇ ತಲೆ ಎತ್ತಿದ. ಕೆನ್ನೆಯ ಗೆರೆ ಈಗ ಹಸಿರುಗಟ್ಟಿತ್ತು.

"ಕೂತ್ಕೋ ರಾಮಲಿಂಗಯ್ಯ," ಎಂದ.

ಆ ಹೆಸರನ್ನು ಅವನ ಬಾಯಿಂದ ಯಾರೂ ಕೇಳಿರಲಿಲ್ಲ. ರಾಮಲಿಂಗಯ್ಯನೂ ಕೇಳಿರಲಿಲ್ಲ.

"ಇಲ್ಲಿಗಂಟ ನನ್ ಬಾಯಿಂದ ಕೇಳ್ದೆ. ಇನ್ನ ಇವರ ಬಾಯಿಂದ್ಲೇ ಕೇಳು. ಮೊದ್ಲು ನಂದು. ನಾನು ನಮ್ಮೋರ್ನ ಹಿಡ್ಕೊಟ್ಟೆ. ಹೆಂಡ್ರ ಕಣ್ಣೀರು ಹಿಡ್ಕೊಟ್ಟೆ, ಸತ್ತ ಕೂಸನ್ನ ಹಿಡ್ಕೊಟ್ಟೆ. ಏಸುನ ಹಿಡ್ಕೊಟ್ಟ ಆ ಯೂದನಾದ್ರೂ ಕಾಸು ಈಸ್ಕಂಡ. ನಾನು ಪುಗಸಟ್ಟೆ ಹಿಡ್ಕೊಟ್ಟೆ."

ಯಾರೂ ಅವನನ್ನು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ನಿಯಮ ಹಾಗಿತ್ತು. ಪ್ರಕಾಶ ಒಪ್ಪಿಸಿದ. ಉಗಿದದ್ದಕ್ಕೆ ತನಗೆ ಈಗ ಪಶ್ಚಾತ್ತಾಪ ಇಲ್ಲ ಎಂದ. ರಾಧಾಮಣಿ ಒಪ್ಪಿಸಿದಳು. ಗಂಡನ ಮೇಲೆ ಬೆಳೆದ ಸೊಪ್ಪನ್ನು ಇಷ್ಟು ದಿನ ಕೈಯಾರೆ ಕುಯ್ದು ಹುಳುವಿಗೆ ಹಾಕಿದೆ ಎಂದಳು. ಬೋರಲಿಂಗಯ್ಯ, ಇವತ್ತು ಕುಡಿದಿಲ್ಲ, ಸಂಜೆಯದು ಗೊತ್ತಿಲ್ಲ ಎಂದ. ರಾಮಲಿಂಗಯ್ಯ ನಿಂತೇ ಇದ್ದ. ಕೂರಲಿಲ್ಲ, ಹೋಗಲೂ ಇಲ್ಲ. ರಸ್ತೆಯ ಕಡೆ ಒಂದು ಗಾಡಿಯ ಧೂಳು ಎದ್ದಿತು.

ದೊಡ್ಡಲಕ್ಷ್ಮಮ್ಮನ ಸರದಿ ಬಂತು. ಅವಳು ತನ್ನದನ್ನು ಹೇಳಲಿಲ್ಲ. ಸೆರಗಿನಿಂದ ಎದುರಿನ ನೆಲವನ್ನು ಒಂದಿಷ್ಟು ಒರೆಸಿ, ಜಾಗ ಮಾಡಿ, ರಾಮಲಿಂಗಯ್ಯನನ್ನು ನೋಡಿದಳು.

"ನಂದು ನಿಂಗೆ ಆಗ್ಲೇ ಗೊತ್ತು. ಈಗ ನಿಂದು ಹೇಳು."

ಐವರೂ ಅವನ ಕಡೆ ತಿರುಗಿದರು. ಸರದಿ ಬಂದವರು ಬಾಯಿ ಬಿಡುವ ತನಕ ಕಾಯಬೇಕು. ಅವರು ಕಾದರು. ಅವನ ಕೈಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಹೊಲದ ಆಚೆ, ಬಲೆ ಬಿಗಿದ ಮನೆಯೊಳಗೆ ಹುಳುಗಳು ತಟ್ಟೆಯ ಅಂಚು ದಾಟಿ, ಕಂಬ ಹಿಡಿದು, ಹೊಸ್ತಿಲಿನ ಬ್ಲೀಚಿಂಗ್ ನೀರಿನ ತನಕ ಬಂದು ತಲೆ ಎತ್ತಿ ನಿಂತಿದ್ದವು. ಬಾಯಿಂದ ಇಳಿದ ನೂಲು ಯಾವುದಕ್ಕೂ ಅಂಟದೆ ಗಾಳಿಯಲ್ಲಿ ಅತ್ತಿತ್ತ ಹೊರಳುತ್ತಿತ್ತು.